ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವವರು ಯಾರು?

ಕರಾವಳಿಯಿಂದ ಮುಂಬಯಿಗೆ ವರ್ಷಕ್ಕೆ ಎರಡು ಬಗೆಯ ಸುದ್ದಿ ತಪ್ಪದೆ ಬರುತ್ತದೆ. ಜೂನ್-ಜುಲೈಯಲ್ಲಿ ಉಳ್ಳಾಲ, ಮರವಂತೆ ಕಡೆಯ ಕಡಲ್ಕೊರೆತ. ಎಪ್ರಿಲ್-ಮೇಯಲ್ಲಿ ಬತ್ತಿದ ಬಾವಿ ಮತ್ತು ನೀರಿನ ಟ್ಯಾಂಕರ್. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಗಳ ಕಥೆ ಇದು. 2019ರ ಬೇಸಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ಉಡುಪಿ ನಗರ ಪರದಾಡಿತು. ಅದೇ ವರ್ಷ ತುಂಬೆಯ ನೀರನ್ನು ನೆಚ್ಚಿದ ಮಂಗಳೂರಿನಲ್ಲೂ ಪಡಿತರದಂತೆ ನೀರು ಹಂಚಬೇಕಾಯಿತು. 2023ರಲ್ಲಿ ಮತ್ತೆ ಅದೇ ಪಾಡು.

ಕಡಲ್ಕೊರೆತಕ್ಕೆ ಒಂದು ಇಲಾಖೆ, ಕುಡಿಯುವ ನೀರಿಗೆ ಇನ್ನೊಂದು ಇಲಾಖೆ. ನೀರಿಗೆ ಮಾತ್ರ ಈ ಗಡಿ ಗೊತ್ತಿಲ್ಲ. ಘಟ್ಟದಲ್ಲಿ ಹುಟ್ಟಿದ ಹೊಳೆ ಕೆಲವೇ ತಾಸುಗಳಲ್ಲಿ ಅಳಿವೆ ಸೇರುತ್ತದೆ. ಗುಡ್ಡ ಬೋಳಾದರೆ ನೀರು ಇಂಗದೆ ಓಡುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ಉಪ್ಪುನೀರು ಒಳನಾಡಿಗೆ ಏರಿ ಬಾವಿಗಳನ್ನು ಕೆಡಿಸುತ್ತದೆ. ಹೊಳೆ ತರಬೇಕಾದ ಮರಳನ್ನು ಅಣೆಕಟ್ಟು ತಡೆದು, ಉಳಿದದ್ದನ್ನು ಲಾರಿಗಳು ಹೊತ್ತೊಯ್ದರೆ ಕಡಲ ದಂಡೆಗೆ ಮರಳು ಎಲ್ಲಿಂದ ಬರಬೇಕು? ಅಲ್ಲಿಗೆ ಪ್ರತಿ ವರ್ಷ ಬರುವುದು ಕಲ್ಲು. 2010ರಲ್ಲಿ ಮಂಜೂರಾದ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಉಳ್ಳಾಲದ ಕಡಲೊಳಗೆ ರೀಫ್ ನಿರ್ಮಿಸಿದ್ದು ಬರಿಯ ಕಲ್ಲು ಸುರಿಯುವುದಕ್ಕಿಂತ ವಿವೇಕದ ಕೆಲಸವೇ. ಆದರೂ ಆ ಬಳಿಕ ಪಕ್ಕದ ಬಟ್ಟಪ್ಪಾಡಿಯಲ್ಲಿ ರಸ್ತೆಯೇ ಕಡಲ ಪಾಲಾಯಿತು.

ಹಿಂದಿನವರು ಇದನ್ನು ಊರಿನ ಕೆಲಸವೆಂದು ತಿಳಿದಿದ್ದರು. ಮಳೆಗಾಲ ಮುಗಿಯುತ್ತಲೇ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಿದ್ದರು. ಸುಗ್ಗಿ ಮತ್ತು ಕೊಳಕೆ ಬೆಳೆಗೆ ಅದೇ ಆಧಾರ. ಗುಡ್ಡದ ಬುಡದ ಮದಕದಲ್ಲಿ ಮಳೆನೀರು ನಿಂತು ಕೆಳಗಿನ ಬಾವಿಗಳಿಗೆ ಒಸರು ಕೊಡುತ್ತಿತ್ತು. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ರೈತರು ಕೂಡಿಯೇ ಒಡ್ಡು ಕಾದುಕೊಂಡು, ಉಪ್ಪು ತಾಳುವ ಕಗ್ಗ ಭತ್ತ ಬೆಳೆದರು. ಒಡ್ಡು ಯಾರದೆಂಬ ಪ್ರಶ್ನೆಯೇ ಅಲ್ಲಿರಲಿಲ್ಲ.

ಇಂದು ಕಟ್ಟದ ಜಾಗಕ್ಕೆ ಸರಕಾರದ ಕಿಂಡಿ ಅಣೆಕಟ್ಟು ಬಂದಿದೆ. ಒಳ್ಳೆಯದೇ. ಆದರೆ ಅದು ಕಟ್ಟಿ ಬಿಟ್ಟರೆ ಮುಗಿಯುವ ಕಾಮಗಾರಿಯಲ್ಲ. ನವೆಂಬರ್-ಡಿಸೆಂಬರಿನಲ್ಲಿ, ತೋಡಿನಲ್ಲಿ ಹರಿವು ಇರುವಾಗಲೇ ಕಿಂಡಿಗಳಿಗೆ ಹಲಗೆ ಹಾಕಬೇಕು. ಮಳೆಗೆ ಮುನ್ನ ತೆಗೆಯಬೇಕು. ತಡವಾಗಿ ಹಾಕಿದರೆ ನಿಲ್ಲಲು ನೀರಿರುವುದಿಲ್ಲ, ತೆಗೆಯಲು ಮರೆತರೆ ನೆರೆ ತೋಟಕ್ಕೆ ನುಗ್ಗುತ್ತದೆ. ಗುತ್ತಿಗೆದಾರ ಬಿಲ್ಲು ಪಡೆದು ಹೋಗಿರುತ್ತಾನೆ. ಅಣೆಕಟ್ಟಿನ ಆಚೀಚೆಯ ಮನೆಗಳವರು ಸೇರಿ ಹೊಣೆ ಹೊತ್ತರೆ ಮಾತ್ರ ಅದಕ್ಕೆ ಜೀವ. ಉಳಿದವು ತೋಡಿಗೆ ಅಡ್ಡ ನಿಂತ ಕಾಂಕ್ರೀಟು ಕಂಬಗಳು, ಅಷ್ಟೇ.

ಆಚೀಚೆಯ ಮನೆಗಳಲ್ಲಿ ಇರುವವರು ಯಾರು? ಇಲ್ಲಿ ಪ್ರಶ್ನೆ ನೇರ ಮುಂಬಯಿಗೆ ಬರುತ್ತದೆ. ಬೀಗ ಹಾಕಿದ ಮನೆ, ಹಡಿಲು ಬಿದ್ದ ಗದ್ದೆ, ಹೂಳು ತುಂಬಿದ ಮದಕ. ಪಹಣಿಯಲ್ಲಿ ನಾಲ್ಕೈದು ಪಾಲುದಾರರ ಹೆಸರು. ಒಬ್ಬರು ಘಾಟ್ಕೋಪರ್, ಒಬ್ಬರು ಡೊಂಬಿವಲಿ, ಮತ್ತೊಬ್ಬರು ದುಬೈ. ಏಣೆಲು ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀರೇ ಸುತ್ತಲಿನ ಬಾವಿಗಳಿಗೆ ಇಂಗುತ್ತಿತ್ತೆಂಬುದನ್ನು ಊರಿನ ಹಿರಿಯರು ಬಲ್ಲರು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದಾಗ ಪಾಳುಬಿದ್ದ ಗದ್ದೆಗಳು ಮತ್ತೆ ಹಸುರಾದವು. ಇಂಥ ಯಾವ ಪ್ರಯತ್ನಕ್ಕೂ ಜಾಗದವರ ಒಪ್ಪಿಗೆ ಬೇಕು. ಒಮ್ಮೆ ಬಿಟ್ಟುಕೊಟ್ಟರೆ ಜಾಗ ಕೈತಪ್ಪೀತೆಂಬ ಅಂಜಿಕೆ ಹೊರನಾಡಿನಲ್ಲಿರುವವರಿಗೆ ಸಹಜ. ಭೂ ಸುಧಾರಣೆಯ ಕಾಲದ ನೆನಪು ಇನ್ನೂ ಮಾಸಿಲ್ಲ. ವರ್ಷದ ಲೆಕ್ಕದಲ್ಲಿ, ಬರೆದುಕೊಟ್ಟ ಕರಾರಿನ ಮೇಲೆ ಕೊಡುವ ದಾರಿಯನ್ನು ತಿಳಿಸಿ ಹೇಳುವ ವಕೀಲರು ಪ್ರತಿ ಸಂಘದಲ್ಲೂ ಇದ್ದಾರೆ.

ಗ್ರಾಮಸಭೆಯ ಸದಸ್ಯತ್ವ ಊರಿನ ಮತದಾರರಿಗೆ ಮಾತ್ರ. ಮುಂಬಯಿಯ ಮತದಾರರು ಅಲ್ಲಿ ಕೈ ಎತ್ತುವಂತಿಲ್ಲ. ಅದು ನ್ಯಾಯವೂ ಹೌದು. ಯೋಜನೆ ಅಲ್ಲಿ ಬಾಳುವವರದೇ ಆಗಬೇಕು. ಯಾವ ತೋಡಿನ ಹೂಳು ಮೊದಲು ತೆಗೆಯಬೇಕು, ಯಾವ ಬಾವಿ ಯಾವ ತಿಂಗಳಲ್ಲಿ ಉಪ್ಪಾಗುತ್ತದೆ ಎಂಬುದು ಮೀನುಗಾರ ಮಹಿಳೆಗೂ ತೋಟದ ಕೆಲಸದವನಿಗೂ ಗೊತ್ತಿರುವಷ್ಟು ಎಂಜಿನಿಯರರಿಗೆ ಗೊತ್ತಿರುವುದಿಲ್ಲ. ಕಡಲ ಬದಿಯ ಪಂಚಾಯತು ಮತ್ತು ಗುಡ್ಡದ ಬದಿಯ ಪಂಚಾಯತು ಒಂದೇ ಹೊಳೆಯ ನಕ್ಷೆ ಮುಂದಿಟ್ಟು ಕೂರಬೇಕು. ಹಾಗೆ ಕೂತದ್ದು ತೀರಾ ಅಪರೂಪ.

ಬ್ರಹ್ಮಕಲಶೋತ್ಸವಕ್ಕೆ, ಗರಡಿಯ ಜೀರ್ಣೋದ್ಧಾರಕ್ಕೆ ಮುಂಬಯಿ ಸಮಿತಿಗಳು ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಕೂಡಿಸುತ್ತವೆ. ದೇವಸ್ಥಾನದ ಕೆರೆಯ ಹೂಳಿಗೂ ಅದೇ ರಸೀದಿ ಪುಸ್ತಕ ಸಾಕು. ಹಣಕ್ಕಿಂತ ಮೊದಲು ಬೇಕಾದದ್ದು ಊರವಾರು ಒಂದು ಪಟ್ಟಿ: ಯಾರ ಗದ್ದೆ ಹಡಿಲು, ಯಾರ ಜಾಗದಲ್ಲಿ ಮದಕ, ಯಾರ ಸಹಿ ಬಾಕಿ. ವಾರ್ಷಿಕ ಮಹಾಸಭೆಯ ದಿನ ಊಟಕ್ಕೆ ಏಳುವ ಮೊದಲು ಅರ್ಧ ಗಂಟೆಯಲ್ಲಿ ಅದನ್ನು ಬರೆದುಕೊಳ್ಳಬಹುದು. ಹಲಗೆ ಹಾಕುವ ನವೆಂಬರಿಗೆ ಮುನ್ನ ಅದು ಊರಿನ ಪಂಚಾಯತಿನ ಕೈ ಸೇರಿರಬೇಕು.