ಬೆಂಬಲ ಅಂದ್ರೆ ಬರೀ ಅವ್ವ ಅಲ್ಲ

ಅಫಜಲಪುರದಿಂದ ಅಕ್ಕ ಫೋನ್ ಮಾಡಿದಾಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: "ಬೆಂಗಳೂರಿಗೆ ಕರ್ಕೊಂಡು ಬಾ, ರೊಕ್ಕ ನಾ ಕೊಡ್ತೀನಿ." ಅವಳ ಐದು ವರ್ಷದ ಮಗನಿಗೆ ಆಟಿಸಂ. ಒಂದು ದಿನ ಅವಳು ತಿರುಗಿ ಕೇಳಿದಳು: "ವಾರಕ್ಕೆರಡು ಸಲ ಥೆರಪಿ ಅಂತಾರ. 600 ಕಿಲೋಮೀಟರ್ ವಾರಕ್ಕೆರಡು ಸಲ ಹ್ಯಾಂಗ ಬರ್ಲೋ ತಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

"ಮನೆಯವರ ಬೆಂಬಲವೇ ದೊಡ್ಡ ಔಷಧ" ಅಂತ ಎಲ್ಲರೂ ಹೇಳ್ತಾರೆ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎಷ್ಟೋ ಮನೆಗಳಲ್ಲಿ ಮನೆಯವರು ಅಂದ್ರೆ ಅವ್ವ ಒಬ್ಬಳೇ. ಅಪ್ಪ ದುಡಿಯಲು ಪುಣೆಗೋ ಹೈದರಾಬಾದಿಗೋ ಹೋಗಿರುತ್ತಾನೆ. ಅಕ್ಕನ ಅತ್ತೆ, "ಗ್ರಹಣದಾಗ ಹೊರಗ ಬಂದಿದ್ಲು, ಅದಕ್ಕ ಹಿಂಗಾತು" ಅಂದರು. ಮಾವ, "ಇವರಪ್ಪನೂ ತಡಾಗೇ ಮಾತಾಡ್ಯಾನ, ಬಿಡು" ಅಂದರು. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಗಾಣಗಾಪುರದ ದತ್ತನಿಗೂ ಹರಕೆ ಹೊತ್ತವಳು ಅಕ್ಕನೇ. ಹರಕೆಗೆ ನನ್ನ ತಕರಾರಿಲ್ಲ. ಅದನ್ನೇ ನಂಬಿ ಕಳೆದ ಎರಡು ವರ್ಷ ಮಾತ್ರ ಆ ಹುಡುಗನವು.

ಇದು ಹಳ್ಳಿಯ ಅಜ್ಞಾನ ಅನ್ನಬೇಡಿ. ಅಮೆರಿಕದ ಬ್ರೂನೊ ಬೆಟೆಲ್‌ಹೈಮ್ 1967ರಲ್ಲಿ ದಪ್ಪ ಪುಸ್ತಕ ಬರೆದು ಇದೇ ತಪ್ಪನ್ನು ತಾಯಂದಿರ ತಲೆಗೆ ಕಟ್ಟಿದ್ದ. ವಿಜ್ಞಾನ ಅದನ್ನು ಎಂದೋ ತಳ್ಳಿಹಾಕಿದೆ. ಆಟಿಸಂ ಮಿದುಳು ಬೆಳೆಯುವ ರೀತಿಯಲ್ಲಿನ ವ್ಯತ್ಯಾಸ. ಮನೆಯವರು ಅದಕ್ಕೆ ಕಾರಣರಲ್ಲ. ಆದರೆ ಮಗು ಬೆಳೆಯುವುದು ಅವರ ನಡುವೆಯೇ.

ಅವರು ಕಲಿತರೆ ಏನಾಗುತ್ತದೆ? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ಅಧ್ಯಯನ 2016ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಬಂತು. ಸುಮಾರು ಅರ್ಧದಷ್ಟು ಮಕ್ಕಳ ಪೋಷಕರಿಗೆ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಕಾರ್ಯಕರ್ತರು. ಮಗುವಿನ ಗಮನ ಎಲ್ಲಿದೆಯೋ ಅಲ್ಲಿಗೆ ನೀವು ಹೋಗಿ, ಅದಕ್ಕೆ ಸ್ಪಂದಿಸಿ ಎಂಬುದೇ ಪಾಠದ ತಿರುಳು. ಆ ಮಕ್ಕಳು ಪೋಷಕರ ಜೊತೆ ತಾವಾಗಿಯೇ ಸಂವಹನ ಶುರುಮಾಡುವುದು ಹೆಚ್ಚಿತು.

ಹೋದ ದೀಪಾವಳಿಗೆ ನಾನು ರಜೆ ಹಾಕಿ ಹದಿನೈದು ದಿನ ಅಕ್ಕನ ಮನೆಯಲ್ಲಿದ್ದೆ. ಥೆರಪಿಸ್ಟ್ ಒಬ್ಬರ ವಿಡಿಯೊ ಕಾಲ್‌ಗೆ ಮನೆಮಂದಿಯನ್ನೆಲ್ಲ ಕೂರಿಸಿದೆ. ಹುಡುಗ ದಿನವಿಡೀ ತಟ್ಟೆ ತಿರುಗಿಸುತ್ತಾನೆ. ಮೊದಲು ಎಲ್ಲರೂ ಕಸಿದುಕೊಳ್ಳುತ್ತಿದ್ದರು. "ಬಿಡು" ಅಂದಿದ್ದ ಅದೇ ಮುತ್ಯಾ ಈಗ ಎದುರಿಗೆ ಕೂತು ತಾನೂ ತಟ್ಟೆ ತಿರುಗಿಸುತ್ತಾರೆ. ನಿಲ್ಲಿಸಿ ಕಾಯುತ್ತಾರೆ. ಹುಡುಗ ಅವರ ಕೈ ಹಿಡಿದು ಎಳೆಯುತ್ತಾನೆ, ಇನ್ನೊಮ್ಮೆ ಅಂತ. ಮಾತು ಬಂದಿಲ್ಲ, ಕೇಳುವುದು ಬಂದಿದೆ. ಅಷ್ಟು ಹೊತ್ತು ಅಕ್ಕ ಮಲಗುತ್ತಾಳೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ. ಒಳ್ಳೆಯದು, ಆದರೆ ಬರೀ ಕಾರ್ಡು ಯಾರಿಗೂ ಕಲಿಸುವುದಿಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಈ ತರಬೇತಿ ಕೊಡಿ. ಪುಕ್ಕಟೆ ದುಡಿಸಬೇಡಿ, ತಕ್ಕ ದುಡ್ಡೂ ಕೊಡಿ. ಸರ್ಕಾರ ಅವರನ್ನು ಮನೆಗೆ ಕಳಿಸದೆ "ಕುಟುಂಬದ ಬೆಂಬಲ" ಅಂತ ಭಾಷಣ ಮಾಡುವುದು ಜಾರಿಕೊಳ್ಳುವ ದಾರಿ ಅಷ್ಟೇ.

ಊರಿಗೆ ಗೂಗಲ್ ಪೇ ಮಾಡಿ ಕೈತೊಳೆದುಕೊಳ್ಳುವುದೂ ಅದೇ ದಾರಿ. ನಾನು ಎರಡು ವರ್ಷ ಅದನ್ನೇ ಮಾಡಿದೆ. ನೀವು ಮಾಡಬೇಡ್ರಿ. ರಜೆ ಹಾಕಿ, ಹೋಗಿ ನೆಲದ ಮೇಲೆ ಕೂಡ್ರಿ.