ಮುಚ್ಚದ ತೂಬು

ತುಂಗಭದ್ರಾ ಎಡದಂಡೆ ಕಾಲುವೆಯ ಆಸರೆಯಲ್ಲಿ ಭತ್ತ ಬೆಳೆಯುವ ಸಿದ್ದಾಪುರದ ಮಕ್ಕಳಿಗೆ ತೂಬು ಹೊಸದಲ್ಲ. ಗದ್ದೆಗೆ ನೀರು ಬೇಕಾದಾಗ ತೆರೆಯಬೇಕು, ಸಾಕಾದಾಗ ಮುಚ್ಚಬೇಕು. ಮುಂದೆ ಅವರು ಸೇರುವ ಕಾಲೇಜುಗಳ ಲಿನಕ್ಸ್ ಪ್ರಯೋಗಾಲಯದಲ್ಲಿಯೂ ಇಂಥದೇ ಏರ್ಪಾಡು ಇರುವುದುಂಟು.

ಅಲ್ಲಿ ವಿದ್ಯಾರ್ಥಿಯ ಕಡತಗಳೆಲ್ಲ ಸರ್ವರ್ ಎಂಬ ಕೇಂದ್ರ ಗಣಕದಲ್ಲಿರುತ್ತವೆ. ಅವನ ಪಾಲಿನ ಜಾಗಕ್ಕೆ ಹೋಮ್ ಡೈರೆಕ್ಟರಿ ಎಂದು ಹೆಸರು. ಯಾವ ಗಣಕದ ಮುಂದೆ ಕುಳಿತರೂ ಅದು ಜಾಲದ ಮೂಲಕ ಬಂದು ಜೋಡಣೆಯಾಗುತ್ತದೆ. ಇದಕ್ಕೆ ಆಧಾರ, ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್. ಬೇಕಾದಾಗ ಜೋಡಿಸುವ, ಬೇಡವಾದಾಗ ಕಳಚುವ ಕೆಲಸ ಆಟೋಎಫ್‌ಎಸ್‌ನದು. ನಿಗದಿತ ಅವಧಿಯವರೆಗೆ, ಹಲವೆಡೆ 300 ಸೆಕೆಂಡು, ಯಾರೂ ಬಳಸದಿದ್ದರೆ ಅದು ತಾನಾಗಿ ಕಳಚುತ್ತದೆ.

ಕೆಲವೊಮ್ಮೆ ಕಳಚುವುದಿಲ್ಲ. ಏಕೆ? ಮೊದಲು ಅವಧಿಯನ್ನು ನೋಡಬೇಕು. ಅದು ಸೊನ್ನೆಯಾಗಿದ್ದರೆ ಕಳಚುವ ಮಾತೇ ಇಲ್ಲ. ಅವಧಿ ಸರಿಯಿದ್ದರೆ, ವಿದ್ಯಾರ್ಥಿ ಲಾಗ್ ಔಟ್ ಆದ ಮೇಲೂ ಅವನ ಯಾವುದೋ ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡುತ್ತ ಒಂದು ಕಡತವನ್ನು ಹಿಡಿದುಕೊಂಡಿರಬಹುದು. ಇಲ್ಲವೇ, ಕಡತಗಳನ್ನು ಹುಡುಕಿ ಪಟ್ಟಿಮಾಡುವ ಪ್ರೋಗ್ರಾಂ ಆಗಾಗ ಇಣುಕುತ್ತಿದ್ದರೆ ಅವಧಿಯ ಎಣಿಕೆ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತದೆ.

ಹಿಡಿದಿರುವವರು ಯಾರೆಂದು ಫ್ಯೂಸರ್ ಅಥವಾ ಎಲ್‌ಎಸ್‌ಒಎಫ್ ಆಜ್ಞೆ ತಿಳಿಸುತ್ತದೆ. ಆ ಪ್ರೋಗ್ರಾಮನ್ನು ಕ್ರಮವಾಗಿ ನಿಲ್ಲಿಸಿದರೆ ಕಳಚುವ ಕೆಲಸ ಸಲೀಸು. ಕಾರಣ ತಿಳಿಯದೆ ಬಲವಂತವಾಗಿ ಕಳಚಿದರೆ ಸರ್ವರ್ ತಲುಪದ ಬರಹ ನಷ್ಟವಾಗಬಹುದು. ಅದು ಯಾರದೋ ವರ್ಷದ ಪ್ರಾಜೆಕ್ಟ್ ಆಗಿದ್ದರೆ?

ಆದ್ದರಿಂದ ವಿದ್ಯಾರ್ಥಿಗಳೇ, ಬರೆದದ್ದನ್ನು ಉಳಿಸಿ, ತೆರೆದ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ, ಆಮೇಲೆ ಲಾಗ್ ಔಟ್ ಆಗಿ. ತೂಬು ಮುಚ್ಚದಿದ್ದರೆ ಬಲ ಹಾಕುವ ಮುನ್ನ ಅಡ್ಡ ಸಿಕ್ಕಿದ್ದೇನೆಂದು ಕೈಹಾಕಿ ನೋಡುವುದೇ ಜಾಣತನ.