ಫೆರಾರಿಗೂ ಆಪೆಗೂ ಒಂದೇ ಆರ್‌ಸಿ: ಸೆಕೆಂಡ್ ಹ್ಯಾಂಡ್ ಗಾಡಿಯ ಬೆಲೆ ನಿಂತಿರೋದು ಯಾರ ಹೆಸರಿನ ಮೇಲೆ?

2025ರ ಜುಲೈ ಮೊದಲ ವಾರ ಬೆಂಗಳೂರಿನ ಒಂದು ಕೆಂಪು ಫೆರಾರಿ ಸುದ್ದಿಯಾಗಿದ್ದು ನೆನಪಿರಬಹುದು. ಸುಮಾರು 7.5 ಕೋಟಿ ರೂಪಾಯಿಯ ಎಸ್‌ಎಫ್90 ಸ್ಟ್ರಾಡಾಲೆ. ನಂಬರ್ ಪ್ಲೇಟ್ ಮಹಾರಾಷ್ಟ್ರದ್ದು, ಓಡಾಟ ಮಾತ್ರ ಬೆಂಗಳೂರಿನ ರಸ್ತೆಗಳಲ್ಲಿ. ಸಾರಿಗೆ ಇಲಾಖೆ ನೋಟಿಸ್ ಕೊಟ್ಟು, ಸಂಜೆಯೊಳಗೆ ಕಟ್ಟದಿದ್ದರೆ ಗಾಡಿ ಎತ್ತಿಕೊಂಡು ಹೋಗ್ತೀವಿ ಅಂದಿತು. ಅದೇ ದಿನ 1.42 ಕೋಟಿ ರೂಪಾಯಿ ಖಜಾನೆಗೆ ಬಂತು. ಒಂದೇ ಕಾರಿನಿಂದ ಒಂದೇ ದಿನ ಇಷ್ಟು ವಸೂಲಿ! ಎಲ್ಲರೂ ಚಪ್ಪಾಳೆ ತಟ್ಟಿದರು, ಮೀಮ್ ಮಾಡಿದರು, ಮರೆತರು.

ಮರೆಯುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಒಂದಿತ್ತು. ಅಷ್ಟು ದೊಡ್ಡ ಕಾರು ಅಷ್ಟು ದಿನ ಯಾವ ಕಾಗದದ ಬಲದಲ್ಲಿ ಓಡಾಡಿತು? ಅದೇ ಕಾಗದ ಕಡೂರು, ತರೀಕೆರೆ, ಅಜ್ಜಂಪುರದ ಲಗೇಜ್ ಆಟೋದವನಿಗೆ ಯಾಕೆ ಆ ಬಲ ಕೊಡಲ್ಲ?

ಮಿತಿ ಇರುವ ರಾಜ್ಯ, ಮಿತಿ ಇಲ್ಲದ ರಾಜ್ಯ

ಲೆಕ್ಕ ಸರಳ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ಅದರ ಬೆಲೆಗೆ ತಕ್ಕ ಹಾಗೆ ಏರುತ್ತೆ. 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಇದರ ಮೇಲೆ ಸೆಸ್ ಬೇರೆ. ಗರಿಷ್ಠ ಮಿತಿ ಇಲ್ಲ. ಮಹಾರಾಷ್ಟ್ರದಲ್ಲಿ ಮಿತಿ ಇದೆ. ಕಾರು ಎಷ್ಟೇ ಕೋಟಿಯದ್ದಾಗಲಿ, ತೆರಿಗೆ 20 ಲಕ್ಷಕ್ಕೆ ನಿಲ್ಲುತ್ತಿತ್ತು. 2025ರ ಜುಲೈನಿಂದ ಅದನ್ನು 30 ಲಕ್ಷಕ್ಕೆ ಏರಿಸಿದ್ದಾರೆ, ಅಷ್ಟೇ.

ಅಂದರೆ 7.5 ಕೋಟಿಯ ಕಾರಿಗೆ ಅಲ್ಲಿ ಬಿದ್ದ ತೆರಿಗೆ ಶೇ 3ಕ್ಕಿಂತ ಕಡಿಮೆ. ತರೀಕೆರೆಯಲ್ಲಿ ಅಡಿಕೆ ಮಾರಿದ ದುಡ್ಡಲ್ಲಿ 8 ಲಕ್ಷದ ಹೊಸ ಕಾರು ತಗೊಂಡವರು ಕಟ್ಟಿದ್ದು ಶೇ 14, ಅಂದರೆ 1.12 ಲಕ್ಷ. ಸೆಸ್ ಬಿಟ್ಟು.

ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಹಾಕಿಸಬೇಕು. ಆ 12 ತಿಂಗಳು ಯಾವಾಗ ಶುರುವಾಯ್ತು ಅಂತ ಸಾಬೀತು ಮಾಡೋರು ಯಾರು? ಈ ಸಂದಿಯಲ್ಲೇ ಐಷಾರಾಮಿ ಕಾರುಗಳು ನುಸುಳೋದು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇಲಾಖೆ ಒಂದೇ ಕಾರ್ಯಾಚರಣೆಯಲ್ಲಿ ಫೆರಾರಿ, ಪೋರ್ಷೆ ಸೇರಿ 30 ಕಾರು ಹಿಡಿದಿತ್ತು. 2021ರ ಆಗಸ್ಟ್‌ನಲ್ಲಿ ಹಿಡಿದ ಕಾರುಗಳ ಪೈಕಿ ಒಂದು ರೋಲ್ಸ್ ರಾಯ್ಸ್‌ನ ದಾಖಲೆ ಇನ್ನೂ ಅಮಿತಾಭ್ ಬಚ್ಚನ್ ಹೆಸರಲ್ಲೇ ಇತ್ತು. 2019ರಲ್ಲೇ ಬೆಂಗಳೂರಿನ ಉದ್ಯಮಿಯೊಬ್ಬರಿಗೆ ಮಾರಿದ ಕಾರದು. ಗಾಡಿ ಕೈ ಬದಲಾಗಿತ್ತು, ಹೆಸರು ಬದಲಾಗಿರಲಿಲ್ಲ.

ಇಟಲಿಯ ಗಾಡಿ ಕಡೂರಲ್ಲೂ ಇದೆ

ಫೆರಾರಿ, ಲ್ಯಾಂಬೋರ್ಗಿನಿ ಕಡೂರಿನ ರಸ್ತೆಯಲ್ಲಿ ಅಪರೂಪ. ಹಾಗಂತ ಇಟಲಿಯ ಗಾಡಿ ಅಲ್ಲಿಲ್ಲ ಅಂದ್ಕೋಬೇಡಿ. ಕಡೂರು ಸಂತೆಗೆ ತೆಂಗಿನಕಾಯಿ, ಅಜ್ಜಂಪುರದಿಂದ ಈರುಳ್ಳಿ ಹೊರುವ ಆಪೆ ಆಟೋ ಇಟಲಿಯ ಪಿಯಾಜಿಯೋ ಕಂಪನಿಯದ್ದು. 1948ರಲ್ಲಿ ಇಟಲಿಯಲ್ಲಿ ಹುಟ್ಟಿದ ಗಾಡಿ, ನಮ್ಮಲ್ಲಿ ತಯಾರಾಗೋದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಆಪೆ ಅಂದರೆ ಇಟಾಲಿಯನ್ ಭಾಷೆಯಲ್ಲಿ ಜೇನುಹುಳು. ಇನ್ನು ಬಾಡಿಗೆಗೆ ಓಡುವ ಹಳೇ ಡೀಸೆಲ್ ಸ್ವಿಫ್ಟ್ ಡಿಜೈರ್‌ನ ಬಾನೆಟ್ ಎತ್ತಿದರೆ ಸಿಗೋದು ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಇಂಜಿನ್. ಟಾಟಾ ಇಂಡಿಕಾ ವಿಸ್ಟಾದಲ್ಲೂ ಅದೇ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು, ಆ ಇಂಜಿನ್ನಿನ ಕಥೆಯೂ ಅಲ್ಲಿಗೆ ಮುಗೀತು. ಈಗ ಓಡ್ತಿರೋದೆಲ್ಲ ಹಳೆಯವು, ಎರಡು ಮೂರು ಕೈ ದಾಟಿದವು.

ಎರಡೂ ತುದಿಯ ಗಾಡಿಗಳ ಬೆಲೆ ಇಳಿಯುವ ರೀತಿ ಮಾತ್ರ ಬೇರೆ. ಫೆರಾರಿ 2024ರಲ್ಲಿ ಇಡೀ ಜಗತ್ತಿಗೆ ಕೊಟ್ಟಿದ್ದು 13,752 ಕಾರು. ಬೇಡಿಕೆಗಿಂತ ಕಡಿಮೆ ತಯಾರಿಸೋದೇ ಅದರ ವ್ಯಾಪಾರ. ಹಾಗಾಗಿ ಕೆಲವು ಸೀಮಿತ ಮಾಡೆಲ್‌ಗಳು ಸೆಕೆಂಡ್ ಹ್ಯಾಂಡ್ ಆದ ಮೇಲೆ ಹೊಸದಕ್ಕಿಂತ ಹೆಚ್ಚಿಗೆ ಮಾರಾಟವಾಗುತ್ತವೆ. ನಮ್ಮಲ್ಲಿ ಅದಕ್ಕೆ ಇನ್ನೊಂದು ಆಸರೆ ಇದೆ: ಹೊರಗಿಂದ ಬರುವ ದುಬಾರಿ ಕಾರಿನ ಮೇಲಿನ ಶೇ 110ರ ಸುಂಕ. ಹೊಸದು ಅಷ್ಟು ದುಬಾರಿ ಇರುವ ತನಕ ಹಳೆಯದರ ಬೆಲೆ ಪಾತಾಳಕ್ಕೆ ಇಳಿಯಲ್ಲ. 2026ರ ಜನವರಿಯಲ್ಲಿ ಮಾತುಕತೆ ಮುಗಿದ ಐರೋಪ್ಯ ಒಕ್ಕೂಟದ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಈ ಸುಂಕ ಕೋಟಾದೊಳಗೆ ಹಂತ ಹಂತವಾಗಿ ಶೇ 10ಕ್ಕೆ ಇಳಿಯಬೇಕು. ಆಗ ಇಟಲಿಯ ಹಳೇ ಕಾರಿಟ್ಟುಕೊಂಡವರ ಆಸ್ತಿಯೂ ಕರಗುತ್ತೆ. ಆದರೆ ಅವರಿಗದು ಗ್ಯಾರೇಜಲ್ಲಿ ನಿಂತ ಆಸ್ತಿ. ಆಪೆಯವನಿಗೆ ಗಾಡಿಯೇ ಅನ್ನ. ಎಫ್‌ಸಿ ತಪ್ಪಿದರೆ, ಇಂಜಿನ್ ಕೂತರೆ ಅವತ್ತಿನ ಒಲೆ ಉರಿಯಲ್ಲ.

ತೆರಿಗೆ ಏರಿದ್ದು ಯಾರ ಮೇಲೆ

2024ರ ಡಿಸೆಂಬರ್ 21ರಂದು ಜಿಎಸ್‌ಟಿ ಮಂಡಳಿ ಸೆಕೆಂಡ್ ಹ್ಯಾಂಡ್ ಕಾರಿಗೆ ಶೇ 18 ಅಂದಾಗ ದೊಡ್ಡ ಗಲಾಟೆ ಆಯ್ತು. 12 ಲಕ್ಷಕ್ಕೆ ತಗೊಂಡು 9 ಲಕ್ಷಕ್ಕೆ ಮಾರಿದರೆ 3 ಲಕ್ಷದ ಮೇಲೆ ತೆರಿಗೆ ಅಂತ ಎಲ್ಲರೂ ತಪ್ಪು ತಿಳಿದರು. ಅದು ಹಾಗಲ್ಲ. ನೋಂದಾಯಿತ ಡೀಲರ್‌ಗೆ ಸಿಗುವ ಲಾಭದ ಮೇಲೆ ಮಾತ್ರ ತೆರಿಗೆ. ನಷ್ಟಕ್ಕಿಲ್ಲ, ನೀವು ನಿಮ್ಮ ಪಕ್ಕದ ಮನೆಯವರಿಗೆ ಮಾರಿದರೂ ಇಲ್ಲ.

ಗಲಾಟೆಯಲ್ಲಿ ತಪ್ಪಿಹೋದ ವಿಷಯ ಬೇರೆ. ದೊಡ್ಡ ಕಾರುಗಳಿಗೆ ಮೊದಲಿಂದಲೂ ಶೇ 18 ಇತ್ತು. ಅವತ್ತು ಶೇ 12ರಿಂದ 18ಕ್ಕೆ ಏರಿದ್ದು ಚಿಕ್ಕ ಪೆಟ್ರೋಲ್, ಚಿಕ್ಕ ಡೀಸೆಲ್, ಎಲೆಕ್ಟ್ರಿಕ್ ಕಾರುಗಳಿಗೆ. ಹಳೇ ಫೆರಾರಿ ಮಾರುವವರಿಗೆ ಏನೂ ಬದಲಾಗಲಿಲ್ಲ, ಹಳೇ ಆಲ್ಟೋ ಮಾರುವ ಡೀಲರ್‌ಗೆ ಬದಲಾಯ್ತು. ಬಿಲ್ ಹಾಕಿ ಮಾರುವ ಡೀಲರ್ ತೆರಿಗೆ ಕಟ್ಟಬೇಕು, ಬಿಲ್ ಇಲ್ಲದೆ ಕೈಯಿಂದ ಕೈಗೆ ದಾಟಿಸುವ ಬ್ರೋಕರ್ ಕಟ್ಟಬೇಕಿಲ್ಲ ಅಂದರೆ ವ್ಯಾಪಾರ ಯಾವ ಕಡೆ ವಾಲುತ್ತೆ ಅಂತ ಹೇಳೋಕೆ ಅರ್ಥಶಾಸ್ತ್ರ ಓದಿರಬೇಕಿಲ್ಲ.

2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರು, ಮೂರು ಚಕ್ರದ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳೀತು. ಒಳ್ಳೇದೇ. ಆದರೆ ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಲೇಬೇಕು. ಹಿಂದಿನ ವರ್ಷ ಸಾಲ ಮಾಡಿ ಗಾಡಿ ತಗೊಂಡವನ ಸಾಲ ಅಷ್ಟೇ ಇದೆ, ಗಾಡಿಯ ಬೆಲೆ ಮಾತ್ರ ಸವೆದಿದೆ.

ಟವೆಲ್ ಒಳಗಿನ ವ್ಯಾಪಾರ

ಈಗ ಕಾಗದದ ವಿಷಯಕ್ಕೆ ಬರೋಣ. ಊರ ಕಡೆ ಹಳೇ ಗಾಡಿ ವ್ಯಾಪಾರ ಹೇಗೆ ನಡೆಯುತ್ತೆ ನಿಮಗೂ ಗೊತ್ತು. ಫಾರಂ 29, ಫಾರಂ 30ಕ್ಕೆ ಖಾಲಿ ಸಹಿ, ಕೈಗೆ ದುಡ್ಡು, "ಟ್ರಾನ್ಸ್‌ಫರ್ ಆಮೇಲೆ ಮಾಡಿಸ್ಕೊಳ್ಳಣ್ಣ" ಅನ್ನೋ ಮಾತು. ಕೆಲವೊಮ್ಮೆ ಸಾಲ ಮುಗಿಯದ ಗಾಡಿಯನ್ನೇ ಕೊಟ್ಟು, ಉಳಿದ ಕಂತು ನೀನು ಕಟ್ಕೋ ಅನ್ನೋದು. ಆರ್‌ಸಿಯಲ್ಲಿ ಮೊದಲನೆಯವನ ಹೆಸರು, ಬ್ಯಾಂಕಿನ ಪುಸ್ತಕದಲ್ಲೂ ಅವನದ್ದೇ. ಕಂತು ತಪ್ಪಿದರೆ ಸಿಬಿಲ್ ಹಾಳಾಗೋದೂ ಅವನದ್ದೇ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ದಾಟಿದ್ದರೂ, ಅಪಘಾತದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ. ಆ ಪ್ರಕರಣದಲ್ಲಿ 2007ರಲ್ಲಿ ಮಾರಿದ ಕಾರು ಹಲವರ ಕೈ ದಾಟಿ 2009ರಲ್ಲಿ ಅಪಘಾತ ಮಾಡಿತ್ತು. ಮಾರಿದ್ದೇನೆ ಅನ್ನೋ ವಾದ ನಿಲ್ಲಲಿಲ್ಲ. ತೀರ್ಪು ಸರಿಯೇ. ಸತ್ತವರ ಮನೆಯವರು ನಾಲ್ಕನೇ ಮಾಲೀಕನನ್ನು ಹುಡುಕಿಕೊಂಡು ಅಲೆಯಬಾರದು. ಆದರೆ ಅಜ್ಜಂಪುರದಲ್ಲಿ ಆಪೆ ಮಾರಿ ಕೈ ತೊಳೆದುಕೊಂಡೆ ಅಂದುಕೊಂಡವರು, ಎರಡು ವರ್ಷದ ನಂತರ ಇನ್ಶೂರೆನ್ಸ್ ಇಲ್ಲದ ಆ ಗಾಡಿ ಎಲ್ಲೋ ಯಾರಿಗೋ ಗುದ್ದಿದರೆ ಲಕ್ಷಾಂತರ ರೂಪಾಯಿಯ ನೋಟಿಸ್ ತೆಗೆದುಕೊಳ್ಳಬೇಕಾಗುತ್ತೆ.

ಇಲ್ಲಿರೋದು ಒಂದೇ ಸಂದಿ: ಗಾಡಿ ಹೋಗುತ್ತೆ, ಹೆಸರು ಉಳಿಯುತ್ತೆ. ಇದೇ ಸಂದಿ ಮೇಲಿನವರಿಗೆ ತೆರಿಗೆ ಉಳಿಸುವ ಸೌಲಭ್ಯ, ಕೆಳಗಿನವರಿಗೆ ಬೋನು. ಮೇಲಿನವರು ಅದನ್ನು ಆಡಿಟರ್ ಸಲಹೆ ತಗೊಂಡು ಬಳಸ್ತಾರೆ. ಕೆಳಗಿನವರು ಗೊತ್ತಿಲ್ಲದೆ ಬೀಳ್ತಾರೆ. ಸಿಕ್ಕಿಬಿದ್ದಾಗಲೂ ಅಷ್ಟೇ. ಫೆರಾರಿಯವರು ಸಂಜೆಯೊಳಗೆ 1.42 ಕೋಟಿ ಕಟ್ಟಿ ಗಾಡಿ ಉಳಿಸಿಕೊಂಡರು. ಆಪೆಯವನಿಗೆ ಗಾಡಿ ಠಾಣೆಯಲ್ಲಿ ನಿಂತ ಮೊದಲ ದಿನದಿಂದಲೇ ನಷ್ಟ.

ಈ ಸೀಮೆಗೆ ಸೆಕೆಂಡ್ ಹ್ಯಾಂಡ್ ವ್ಯಾಪಾರ ಹೊಸದೇನಲ್ಲ. ಕಾರು ಬರುವ ಮುಂಚೆ ಇಲ್ಲಿನ ವೇಗದ ಹೆಮ್ಮೆ ಅಂದರೆ ಅಮೃತ್ ಮಹಲ್ ಎತ್ತು. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ತಳಿ. ದನದ ಜಾತ್ರೆಗಳಲ್ಲಿ ದಲ್ಲಾಳಿ ಟವೆಲ್ ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಮಾರುವವನಿಗೆ ಒಂದು ಲೆಕ್ಕ, ಕೊಳ್ಳುವವನಿಗೆ ಇನ್ನೊಂದು, ನಡುವೆ ದಲ್ಲಾಳಿಗೆ ತನ್ನದು. ಅಜ್ಜಂಪುರದ ಸರ್ಕಾರಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಕರುಗಳನ್ನು ಮಾರೋದು ಹಾಗಲ್ಲ, ಬಹಿರಂಗ ಹರಾಜಿನಲ್ಲಿ. ಕೂಗಿದ ಬೆಲೆ ಎಲ್ಲರಿಗೂ ಕೇಳುತ್ತೆ, ರಾಸು ಯಾರ ಹಟ್ಟಿಗೆ ಹೋಯ್ತು ಅಂತ ಎಲ್ಲರಿಗೂ ಗೊತ್ತು. ದನಕ್ಕೆ ಸಾಧ್ಯವಾದ ಪಾರದರ್ಶಕತೆ ಇಂಜಿನ್ ನಂಬರ್, ಚಾಸಿ ನಂಬರ್ ಇರುವ ಗಾಡಿಗೆ ಯಾಕೆ ಸಾಧ್ಯವಿಲ್ಲ? ನಮ್ಮ ಹಳೇ ಗಾಡಿ ಮಾರುಕಟ್ಟೆ ಇವತ್ತಿಗೂ ಟವೆಲ್ ಒಳಗೇ ಇದೆ.

ಕಾನೂನು ಇದೆ, ಊರಿಗೆ ತಲುಪಿಲ್ಲ

ಕಾನೂನಿಲ್ಲ ಅನ್ನೋ ಹಾಗಿಲ್ಲ. 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆ ಪಡೆಯಬಹುದು ಅಂತ ಹೇಳಿದ 58 ಸೇವೆಗಳಲ್ಲಿ ಮಾಲೀಕತ್ವ ವರ್ಗಾವಣೆಯೂ ಇದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮ ಇನ್ನೂ ಮುಖ್ಯ. ಹಳೇ ಗಾಡಿ ಮಾರುವ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆಯಬೇಕು. ಗಾಡಿ ಅವನ ಕೈಗೆ ಬಂದಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸಿದ ಕ್ಷಣದಿಂದ, ಅದು ಮುಂದೆ ಮಾರಾಟವಾಗುವ ತನಕ ಹೊಣೆ ಅವನದ್ದೇ. ಮಾರಿದವರು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ನಿಯಮ ಇರೋದು ಪೋರ್ಟಲ್‌ನಲ್ಲಿ. ವ್ಯಾಪಾರ ಆಗೋದು ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಲ್ಲಿ. ತರೀಕೆರೆಯಲ್ಲಿ ಕೆಎ 66 ನಂಬರ್ ಕೊಡುವ ಸಾರಿಗೆ ಕಚೇರಿಯೇ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ಹಾಗಿದ್ದೂ ಖಾಲಿ ಸಹಿ ನಿಂತಿಲ್ಲ ಅಂದರೆ ಜನರ ಅಜ್ಞಾನ ಅಂತ ಬೈದು ಸುಮ್ಮನಾಗೋದು ಸುಲಭ. ಅರ್ಧ ದಿನದ ದುಡಿಮೆ, ಏಜೆಂಟ್ ಫೀಸು, ಬ್ಯಾಂಕಿನ ಎನ್‌ಒಸಿಗೆ ಅಲೆದಾಟ ಎಲ್ಲ ಸೇರಿದರೆ ಟ್ರಾನ್ಸ್‌ಫರ್ ಮಾಡಿಸೋದು ಖರ್ಚು, ಮಾಡಿಸದೇ ಇರೋದು ಪುಕ್ಕಟೆ. ಜನ ಪುಕ್ಕಟೆಯದ್ದನ್ನೇ ಆರಿಸ್ತಾರೆ. ನಾನಾದರೂ ಅಷ್ಟೇ, ನೀವಾದರೂ ಅಷ್ಟೇ.

ಹಾಗಾಗಿ ಬದಲಾಗಬೇಕಾಗಿದ್ದು ಈ ಲೆಕ್ಕ. ಒಂದು, ದುಡ್ಡು ಕೈ ಬದಲಾಗುವ ಹೊತ್ತಲ್ಲೇ ಫೋನಿನ ಒಟಿಪಿ ಮೂಲಕ "ಮಾರಿದ್ದೇನೆ" ಅಂತ ದಾಖಲಿಸುವ ಸೌಲಭ್ಯ ಪುಕ್ಕಟೆ ಇರಬೇಕು. ಅವತ್ತಿಂದ ಹೊಣೆ ಕೊಂಡವನದ್ದು ಅಂತ ಕಾನೂನು ಒಪ್ಪಬೇಕು. ಎರಡು, ಬೆಂಗಳೂರಿನಲ್ಲಿ ಐಷಾರಾಮಿ ಕಾರು ಹಿಡಿಯುವ ಇಲಾಖೆ ತಾಲ್ಲೂಕು ಕೇಂದ್ರಗಳಲ್ಲಿ ಸಂತೆಯ ದಿನ ಟ್ರಾನ್ಸ್‌ಫರ್ ಶಿಬಿರ ಮಾಡಬೇಕು, ಸಾಲ ಕೊಟ್ಟ ಬ್ಯಾಂಕು, ಫೈನಾನ್ಸ್‌ನವರನ್ನೂ ಅಲ್ಲಿ ಕೂರಿಸಬೇಕು. ಮೂರು, ಜೀವಿತಾವಧಿ ತೆರಿಗೆಗೆ ಎಲ್ಲ ರಾಜ್ಯಗಳೂ ಒಪ್ಪುವ ಒಂದು ಕನಿಷ್ಠ ದರ ಬೇಕು. ಒಂದು ರಾಜ್ಯ ಮಿತಿ ಹಾಕಿ ಕರೆಯೋದು, ಇನ್ನೊಂದು ರಾಜ್ಯ ಬೆನ್ನಟ್ಟೋದು ನಿಲ್ಲಬೇಕು. ಜಿಎಸ್‌ಟಿಗೆ ಒಂದೇ ಮೇಜಿನ ಸುತ್ತ ಕೂರುವ ರಾಜ್ಯಗಳಿಗೆ ಇದಕ್ಕೂ ಕೂರೋದು ಕಷ್ಟವಲ್ಲ.

ಒಂದು ಫೆರಾರಿಯಿಂದ ಬಂದ 1.42 ಕೋಟಿಯ ಲೆಕ್ಕ ಸರ್ಕಾರಕ್ಕೆ ಬಾಯಿಪಾಠ ಇದೆ. ಮಾರಿ ವರ್ಷಗಳಾದರೂ ತಮ್ಮ ಹೆಸರಲ್ಲೇ ಓಡುತ್ತಿರುವ ಗಾಡಿಗಳ ಭಯದಲ್ಲಿ ಎಷ್ಟು ಮನೆಗಳಿವೆ ಅನ್ನೋ ಲೆಕ್ಕವನ್ನೂ ಅದು ಇಡಲಿ. ಅಲ್ಲಿಯ ತನಕ ನಿಮ್ಮ ಮನೆಯಲ್ಲಿ ಯಾರಾದರೂ ಹಳೇ ಬೈಕು, ಆಟೋ, ಕಾರು ಮಾರಿದ್ದರೆ ಇವತ್ತೇ ಪರಿವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿ ನೋಡಿ. ದುಡ್ಡು ಖರ್ಚಾಗಿರಬಹುದು, ಗಾಡಿ ಇನ್ನೂ ನಿಮ್ಮದೇ ಆಗಿರಬಹುದು.